ಮೊದಲು ವಾಪಸ್ ಬಸ್ಸು, ಆಮೇಲೆ ಮ್ಯಾಚು

ಓದುಗರ ಪ್ರಶ್ನೆ, ಟಿ.ಸಿ. ಉತ್ತರ

ಹೋದ ಸಂಚಿಕೆಯ ಕೊನೆಯಲ್ಲಿ ಸಂಪಾದಕರು "ಮುಂದಿನ ಸಲ: ಫುಟ್‌ಬಾಲ್ ಮ್ಯಾಚ್ ದಿನದ ಪ್ರಯಾಣ, ಪಾರ್ಕಿಂಗ್, ಪಬ್" ಅಂತ ಒಂದು ಸಾಲು ಹಾಕಿದ್ದರು. ನನ್ನನ್ನು ಕೇಳಿರಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಟಿ.ಸಿ., ಅಂದರೆ ಟ್ರಾಫಿಕ್ ಕಂಟ್ರೋಲರ್ ಆಗಿ ಕೂತು ಸಾವಿರಾರು ಬಸ್ಸು ಬಿಟ್ಟವನಿಗೆ ಧರ್ಮಸ್ಥಳ, ಶಬರಿಮಲೆ ಪ್ರಶ್ನೆಗಳು ಬಾಯಿಪಾಠ. ಫುಟ್‌ಬಾಲ್ ಹುಚ್ಚು ಮಾತ್ರ ಮನೆಯವರಿಗಷ್ಟೇ ಗೊತ್ತಿದ್ದ ಗುಟ್ಟು. ಈಗ ಅದೂ ಬಯಲಾಯಿತು.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು. ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಲು ಕಂಠೀರವ ಕ್ರೀಡಾಂಗಣಕ್ಕೆ ಕಾರಿನಲ್ಲಿ ಹೋಗಬೇಕೆಂದಿದ್ದೇವೆ. ಏಳೂವರೆಗೆ ಆಟ. ಅದಕ್ಕೆ ಮುಂಚೆ ಎಲ್ಲಾದರೂ ಕೂತು ಒಂದೊಂದು ಬಿಯರ್. ಕಾರು ಎಲ್ಲಿ ನಿಲ್ಲಿಸುವುದು? ಎಷ್ಟು ಗಂಟೆಗೆ ಊರು ಬಿಡಬೇಕು?
– ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಎಷ್ಟು ಗಂಟೆಗೆ ಊರು ಬಿಡಬೇಕು ಅಂತ ಕೇಳಿದ್ದೀರಿ. ಎಷ್ಟು ಗಂಟೆಗೆ ಊರು ಸೇರುತ್ತೀರಿ ಅಂತ ನಾಲ್ವರಲ್ಲಿ ಒಬ್ಬರೂ ಕೇಳಿಲ್ಲ. ನಮ್ಮ ಡಿಪೋದಲ್ಲಿ ಶೆಡ್ಯೂಲ್ ಹಾಕುವಾಗ ಕೊನೆಯ ಟ್ರಿಪ್ಪಿಂದ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದೆವು. ನೀವೂ ಹಾಗೇ ಹಾಕಿ.

ಏಳೂವರೆಗೆ ಶುರುವಾದ ಆಟ, ನಡುವಿನ ಹದಿನೈದು ನಿಮಿಷದ ಬಿಡುವು, ಗಾಯಕ್ಕೆ ಅಂತ ಸೇರಿಸುವ ನಿಮಿಷಗಳು ಎಲ್ಲಾ ಸೇರಿ ಒಂಬತ್ತು ಇಪ್ಪತ್ತೈದಕ್ಕೆ ಮುಗಿಯುತ್ತದೆ. ಗೇಟು ದಾಟುವಾಗ ಒಂಬತ್ತು ಮುಕ್ಕಾಲು. ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂಗಳ ಮುಂದೆ ನಡೆದು ಕಬ್ಬನ್ ಪಾರ್ಕ್ ಮೆಟ್ರೋ ತಲುಪುವಾಗ ಹತ್ತು. ಅಲ್ಲಿಂದ ಮೂರನೇ ಸ್ಟೇಷನ್ನೇ ಮೆಜೆಸ್ಟಿಕ್, ಹತ್ತೂ ಇಪ್ಪತ್ತು ಅಂದುಕೊಳ್ಳಿ. ಇನ್ನು ಬಸ್ಸಾದರೂ ಸರಿ, ಮೆಟ್ರೋದ ಹಸಿರು ಮಾರ್ಗದಲ್ಲಿ ಮುಂದೆ ಹೋಗಿ ಅಲ್ಲಿ ನಿಲ್ಲಿಸಿದ ಕಾರು ತಗೊಂಡರೂ ಸರಿ, ಮನೆ ಬಾಗಿಲು ತಟ್ಟುವಾಗ ಹನ್ನೆರಡು ದಾಟಿರುತ್ತದೆ. ಇದು ಎಲ್ಲವೂ ಸುಸೂತ್ರವಾಗಿ ನಡೆದರೆ ಹಾಕಿದ ಲೆಕ್ಕ.

ಸುಸೂತ್ರವಾಗಿ ನಡೆಯದಿದ್ದರೆ ಏನಾಗುತ್ತದೆ ಅನ್ನುವುದನ್ನು ನನ್ನ ಕಥೆಯಲ್ಲೇ ಕೇಳಿ. 2016ರ ಅಕ್ಟೋಬರ್ 19, ಬುಧವಾರ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಸೆಮಿಫೈನಲ್ಲಿನ ಎರಡನೇ ಪಂದ್ಯ. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷ ಆ ಕಪ್ ಗೆದ್ದವರು. ಅಲ್ಲಿ ಆಡಿದ್ದು 1–1. ಇಲ್ಲಿ ಮೊದಲ ಗೋಲು ಅವರೇ ಹೊಡೆದರು. ಪಕ್ಕದಲ್ಲಿ ಕೂತವನು "ಮುಗೀತು ಬಿಡಿ ಸಾರ್" ಅಂತ ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡ. ನಮ್ಮ ಸುನಿಲ್ ಛೆಟ್ರಿ ಒಂದು ಹೊಡೆದ, ಬಿಡುವಾದ ಮೇಲೆ ಇನ್ನೊಂದು, ಆಮೇಲೆ ನಮ್ಮ ಡಿಫೆಂಡರ್ ಹುವಾನನ್ ಚೆಂಡಿಗೆ ತಲೆ ಕೊಟ್ಟ. 3–1. ಭಾರತದ ಒಂದು ಕ್ಲಬ್ಬು ಆ ಕಪ್ಪಿನ ಫೈನಲ್ಲಿಗೆ ಹೋಗಿದ್ದು ಅದೇ ಮೊದಲು. ಪಕ್ಕದವನು ಪೊಟ್ಟಣ ಬಿಚ್ಚಿ ನನಗೂ ಒಂದು ಹಿಡಿ ಕೊಟ್ಟ. ಆಟ ಮುಗಿದ ಮೇಲೂ ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ. ವರ್ಷಗಟ್ಟಲೆ ಪ್ರಯಾಣಿಕರಿಗೆ "ಟೈಮಿಗೆ ಬರಬೇಕ್ರೀ" ಅಂತ ಗದರಿಸಿದವನು ಅವತ್ತು ಮೆಜೆಸ್ಟಿಕ್ಕಿಗೆ ಹೋಗಿ ನಿಂತಾಗ ನಮ್ಮೂರಿನ ಬಸ್ಸು ಆಗ ತಾನೇ ಹೊರಟು ಹೋಗಿತ್ತು. ಹುಬ್ಬಳ್ಳಿ ಕಡೆಯ ಬಸ್ಸು ಹತ್ತಿದೆ. ಕಂಡಕ್ಟರ್ ಮೊದಲೇ ಹೇಳಿದ್ದ, ಊರೊಳಗೆ ಹೋಗಲ್ಲ ಅಂತ. ನಾನು ಕೇಳಿಸಿಕೊಂಡಿರಲಿಲ್ಲ, ತಲೆಯಲ್ಲಿ ಇನ್ನೂ ಆ ಮೂರನೇ ಗೋಲು. ಬೈಪಾಸಿನಲ್ಲಿ ಇಳಿಸಿ ಹೋದ. ಒಂದೂವರೆ ರಾತ್ರಿ, ಬಿ.ಎಚ್. ರಸ್ತೆ, ನಾನು, ನನ್ನ ಹಿಂದೆ ಬಟವಾಡಿಯ ನಾಲ್ಕು ನಾಯಿ.

ಈಗ ಕಾರಿನ ವಿಷಯ. ಕಂಠೀರವದ ಆಸುಪಾಸು ಕಾರಿಗೆ ಜಾಗ ಸಿಗುತ್ತದೆ ಅನ್ನುವ ಆಸೆ ಬಿಡಿ. ಒಂದು ಕಡೆ ಕಸ್ತೂರಬಾ ರಸ್ತೆ, ಇನ್ನೊಂದು ಕಡೆ ರಾಜಾ ರಾಮಮೋಹನ ರಾಯ್ ರಸ್ತೆ, ಎರಡೂ ಮಾಮೂಲಿ ದಿನವೇ ಉಸಿರುಗಟ್ಟುವ ರಸ್ತೆಗಳು. ಕಬ್ಬನ್ ಪಾರ್ಕ್ ಒಳಗೆ ನಿಲ್ಲಿಸೋಣ ಅಂದರೆ ಭಾನುವಾರ ಅಲ್ಲಿ ಗಾಡಿಗೇ ಪ್ರವೇಶ ಇಲ್ಲ. ವಿಠ್ಠಲ್ ಮಲ್ಯ ರಸ್ತೆಯ ಮಾಲಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸಬಹುದು. ಒಳಗೆ ಹೋಗುವುದು ಸುಲಭ. ಮ್ಯಾಚ್ ಬಿಟ್ಟ ಮೇಲೆ ಅದೇ ನೆಲಮಾಳಿಗೆಯಿಂದ ಮೇಲೆ ಬರುವ ಸಾಲಿನಲ್ಲಿ ನಿಂತರೆ, ನಿಮ್ಮ ಜೊತೆ ಮ್ಯಾಚ್ ನೋಡಿ ಮೆಟ್ರೋ ಹತ್ತಿದವರು ಅಷ್ಟರಲ್ಲಿ ಯಶವಂತಪುರ ದಾಟಿರುತ್ತಾರೆ. ಫ್ರೀಡಂ ಪಾರ್ಕ್ ಹತ್ತಿರ ಬಹುಮಹಡಿ ಪಾರ್ಕಿಂಗ್ ಇದೆ, ಆದರೆ ಅಲ್ಲಿಂದ ಕ್ರೀಡಾಂಗಣಕ್ಕೆ ಆಟೋ ಬೇಕು.

ನಮ್ಮ ಕಡೆಯಿಂದ ಹೋಗುವವರ ಪುಣ್ಯ, ಹಸಿರು ಮಾರ್ಗ 2024ರ ನವೆಂಬರಿನಿಂದ ಮಾದಾವರದವರೆಗೆ ಬಂದಿದೆ. ನೆಲಮಂಗಲ ದಾಟಿದರೆ ಮೆಟ್ರೋ ಸಿಕ್ಕಿತು ಅನ್ನಿ. ಕಾರು ತರಲೇಬೇಕು ಅಂದರೆ ನಾಗಸಂದ್ರದ ಮೆಟ್ರೋ ಪಾರ್ಕಿಂಗಿನಲ್ಲಿ ಬಿಡಿ. ರಾತ್ರಿ ಎಷ್ಟು ಹೊತ್ತಿನವರೆಗೆ ಗಾಡಿ ತೆಗೆಯಲು ಬಿಡುತ್ತೀರಿ ಅಂತ ಚೀಟಿ ಕೊಡುವವನನ್ನು ಬಾಯಿಬಿಟ್ಟು ಕೇಳಿ, ಆಮೇಲೆ ಕೀಲಿ ತಿರುಗಿಸಿ. ಹತ್ತುವ ಮುಂಚೆ ವಾಪಸ್ ಟಿಕೆಟ್ಟನ್ನೂ ಮೊಬೈಲಿನಲ್ಲೇ ತೆಗೆದಿಟ್ಟುಕೊಳ್ಳಿ. ಆಟ ಬಿಟ್ಟ ಮೇಲೆ ಕಬ್ಬನ್ ಪಾರ್ಕ್ ಕೌಂಟರಿನ ಮುಂದೆ ನೀಲಿ ಜರ್ಸಿಗಳ ಜಾತ್ರೆ.

ಆದರೆ ಬಿಯರ್ ಅಂದಿರಲ್ಲ, ಅಲ್ಲಿಗೆ ಈ ಕಾರಿನ ಮಾತು ಮುಗಿಯಿತು. ನಾಗಸಂದ್ರದಿಂದ ಇತ್ತ ಹೆದ್ದಾರಿ 48ರಲ್ಲಿ ಐವತ್ತು ಚಿಲ್ಲರೆ ಕಿಲೋಮೀಟರ್, ಅಗಲೀಕರಣದ ಕೆಲಸ ನಡೆಯುವ ಕಡೆ ದಾರಿ ಎಲ್ಲಿ ತಿರುಗಿಸಿರುತ್ತಾರೋ ಹಗಲಲ್ಲೇ ಗೊತ್ತಾಗುವುದಿಲ್ಲ. "ಒಂದೇ ಬಿಯರ್, ನಾಲ್ಕು ಗಂಟೆ ಮುಂಚೆ ಕುಡಿದಿದ್ದು" ಅನ್ನುವ ಸಮಜಾಯಿಷಿ ಊದುವ ಯಂತ್ರಕ್ಕೆ ಅರ್ಥವಾಗುವುದಿಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಬ್ಬ ಕುಡಿಯದೆ ಓಡಿಸುತ್ತಾನೆ ಅನ್ನಬೇಡಿ. ನಾಲ್ಕು ಜನರ ಗುಂಪಿನಲ್ಲಿ ಆ ಒಬ್ಬ ಯಾರು ಅನ್ನುವುದು ಎರಡನೇ ಗ್ಲಾಸಿಗೆ ಬದಲಾಗುತ್ತದೆ. ಪಬ್ಬೋ ಕಾರೋ, ಒಂದನ್ನು ಊರಲ್ಲೇ ಬಿಟ್ಟು ಹೋಗಿ.

ಕಾರು ಬಿಟ್ಟಿರಿ ಅಂದುಕೊಳ್ಳುತ್ತೇನೆ. ಹಾಗಾದರೆ ಮಧ್ಯಾಹ್ನದ ಬಸ್ಸಿಗೋ ರೈಲಿಗೋ ಹೊರಟು ನಾಲ್ಕೂವರೆಗೆ ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿಯಿರಿ. ಪಕ್ಕದಲ್ಲೇ ಚರ್ಚ್ ಸ್ಟ್ರೀಟ್. ಪೆಕೋಸ್ ಅಂತ 1989ರಿಂದ ಇರುವ ಪಬ್ ಅದರ ಹತ್ತಿರ ರೆಸ್ಟ್ ಹೌಸ್ ರಸ್ತೆಯಲ್ಲಿದೆ. ಇಕ್ಕಟ್ಟಾದ ಮೆಟ್ಟಿಲು, ಹಳೇ ರಾಕ್ ಹಾಡು. ಮಾತಾಡಬೇಕು ಅಂದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ವಾಸಿ, ಅಲ್ಲಿ ಬಿಯರ್ ಜೊತೆಗೆ ಹೊಟ್ಟೆಗೂ ಏನಾದರೂ ಸಿಗುತ್ತದೆ. ಬರೀ ಹೊಟ್ಟೆಯಲ್ಲಿ ಮ್ಯಾಚಿಗೆ ಹೋಗಬೇಡಿ. ನಿಮ್ಮಲ್ಲಿ ಯಾರಿಗಾದರೂ ಇಪ್ಪತ್ತೊಂದು ತುಂಬಿಲ್ಲದಿದ್ದರೆ ಪಬ್ಬಿನ ಬಾಗಿಲಲ್ಲೇ ತಡೆಯುತ್ತಾರೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಆರೂಕಾಲಿಗೆ ಬಿಲ್ಲು ಕೇಳಿ, ಆರೂವರೆಗೆ ಎದ್ದು ಬಿಡಿ. ಅಲ್ಲಿಂದ ಲ್ಯಾವೆಲ್ ರಸ್ತೆ ಕಡೆ ಬಂದು, ವಿಠ್ಠಲ್ ಮಲ್ಯ ರಸ್ತೆ ಹಿಡಿದು, ಸಿದ್ಧಲಿಂಗಯ್ಯ ವೃತ್ತಕ್ಕೆ ಇಪ್ಪತ್ತೈದು ನಿಮಿಷದ ನಡಿಗೆ. ತೂರಾಡುತ್ತಾ ಗೇಟಿಗೆ ಹೋದರೆ ಟಿಕೆಟ್ ಇದ್ದರೂ ಒಳಗೆ ಬಿಡಲಿಕ್ಕಿಲ್ಲ.

ಮ್ಯಾಚ್ ಬಿಟ್ಟ ಮೇಲೆ ಪಬ್ಬಿಗೆ ವಾಪಸ್ ಹೋಗುವ ಯೋಚನೆ ಬಂದರೆ ರೂಮು ಮಾಡಿ. ಇಲ್ಲದಿದ್ದರೆ ರಾತ್ರಿ ಹನ್ನೊಂದರ ಆಸುಪಾಸಿಗೆ ಬೆಂಗಳೂರು ಬಿಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ತುಮಕೂರಿನಲ್ಲಿ ನಿಲ್ಲುತ್ತದೆ. ಮೆಜೆಸ್ಟಿಕ್ ದಾಟಿ ಒಂದೇ ಸ್ಟೇಷನ್ ಮುಂದೆ, ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಮೆಟ್ರೋದಲ್ಲಿ ಇಳಿದರೆ ಎದುರಿಗೇ ರೈಲು. ಅವತ್ತಿನ ಸಮಯ ಮೊಬೈಲಿನಲ್ಲಿ ನೋಡಿಕೊಳ್ಳಿ. ನಾಲ್ವರಲ್ಲಿ ಒಬ್ಬರಾದರೂ ನಿದ್ದೆ ಮಾಡದೆ ಕೂರಿ. ಆ ರೈಲು ತುಮಕೂರಿಗೆ ಕೊನೆಯಾಗುವುದಿಲ್ಲ, ಮುಂದಕ್ಕೆ ಬಹಳ ದೂರ ಹೋಗುತ್ತದೆ.

ಪ್ರಶ್ನೆ: ನನ್ನ ಮಗಳು ಪಿಯುಸಿ, ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡುತ್ತಾಳೆ. ಒಂದು ಮ್ಯಾಚ್ ತೋರಿಸು ಅಂತ ಒಂದೇ ಹಟ. ನಾವಿಬ್ಬರೇ ಹೋಗಿ ಬರಬಹುದೇ? ಶಕ್ತಿ ಯೋಜನೆ ರಾತ್ರಿ ಬಸ್ಸಿಗೂ ನಡೆಯುತ್ತದೆಯೇ?
– ಒಬ್ಬ ತಾಯಿ, ಕ್ಯಾತ್ಸಂದ್ರ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ ತಾಯಿ. ಒಂದೇ ಮಾತು, ಐದು ಗಂಟೆಗೆ ಶುರುವಾಗುವ ಮ್ಯಾಚ್ ಯಾವುದಿದೆ ನೋಡಿ ಅದನ್ನೇ ಆರಿಸಿ. ಏಳು ಗಂಟೆಗೆ ಹೊರಗೆ ಬಂದು, ಊಟದ ಹೊತ್ತು ಮೀರುವುದರೊಳಗೆ ಕ್ಯಾತ್ಸಂದ್ರ ಸೇರಬಹುದು.

ಶಕ್ತಿಗೆ ಹಗಲು ರಾತ್ರಿ ಅನ್ನುವ ಭೇದ ಇಲ್ಲ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ರಾಜಹಂಸ, ಐರಾವತ ಹತ್ತಿದರೆ ದುಡ್ಡು ಕೊಡಬೇಕು. ಇಬ್ಬರ ಆಧಾರ್ ಕಾರ್ಡೂ ಬ್ಯಾಗಿನ ಮೇಲಿನ ಜೇಬಿನಲ್ಲಿರಲಿ. ಕಂಡಕ್ಟರ್ ಮುಂದೆ ಬ್ಯಾಗಿನ ತಳ ಕೆದಕುವವರಿಂದಲೇ ನನ್ನ ಎಷ್ಟೋ ಬಸ್ಸು ತಡವಾಗಿವೆ. ವಾಪಸ್ ಬರುವಾಗ ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ನಿಂತು ಕೈ ಅಡ್ಡ ಹಾಕಬೇಡಿ. ಮೆಜೆಸ್ಟಿಕ್ಕಿನಲ್ಲೇ ಹತ್ತಿ, ಸೀಟು ಹಿಡಿಯಿರಿ. ಕ್ಯಾತ್ಸಂದ್ರದಲ್ಲಿ ನಿಲ್ಲಿಸುತ್ತೀರಾ ಅಂತ ಹತ್ತುವ ಮುಂಚೆ ಕೇಳಿ, ಉತ್ತರವನ್ನು ಕೇಳಿಸಿಕೊಳ್ಳಿ. ನಾನು ಮಾಡಿದ ಹಾಗೆ ಮಾಡಬೇಡಿ.

ಕೂರುವ ಜಾಗ: ವೆಸ್ಟ್ ಬ್ಲಾಕ್ ಅಂದರೆ ತೊಂಬತ್ತು ನಿಮಿಷವೂ ನಿಂತು ಹಾಡು, ಡೋಲು. ಮಗಳಿಗೆ ಅದೇ ಬೇಕಾದೀತು, ನಿಮ್ಮ ಮಂಡಿ ಏನನ್ನುತ್ತದೆ ಕೇಳಿಕೊಳ್ಳಿ. ಇನ್ನೊಂದು ವಿಷಯ, ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಿದ್ಧವಾದ ಕ್ರೀಡಾಂಗಣ. ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಹಾಗಾಗಿ ತೀರಾ ಮುಂದಿನ ಸಾಲು ತಗೊಳ್ಳಬೇಡಿ. ಮೇಲಿನ ಸಾಲಿಂದ ಯಾರು ಜಾಗ ಬಿಟ್ಟು ಓಡುತ್ತಿದ್ದಾರೆ, ಯಾರು ಮುಚ್ಚುತ್ತಿದ್ದಾರೆ ಅನ್ನುವುದು ಕಾಣುತ್ತದೆ. ಆಡುವ ಹುಡುಗಿಗೆ ನೋಡಬೇಕಾದ್ದು ಅದು.

ಪ್ರಶ್ನೆ: ಬೈಕಿನಲ್ಲಿ ಬೆಂಗಳೂರಿಗೇ ಹೋದರೆ ಪಾರ್ಕಿಂಗ್ ತಲೆನೋವು ಇಲ್ಲವಲ್ಲ?
– ಓದುಗರು, ಗುಬ್ಬಿ

ಉತ್ತರ: ಬೈಕಿಗೆ ಜಾಗ ಸಿಗುತ್ತದೆ, ಹೆಲ್ಮೆಟ್ಟಿಗೆ ಸಿಗುವುದಿಲ್ಲ. ಕ್ರೀಡಾಂಗಣದೊಳಗೆ ಹೆಲ್ಮೆಟ್, ನೀರಿನ ಬಾಟಲಿ, ಪವರ್ ಬ್ಯಾಂಕ್ ಬಿಡುವುದಿಲ್ಲ. ಒಮ್ಮೆ ನಾನು ಹೆಲ್ಮೆಟ್ಟನ್ನು ಕನ್ನಡಿಗೆ ತಲೆಕೆಳಗಾಗಿ ಸಿಕ್ಕಿಸಿ ಹೋಗಿದ್ದೆ. ಮೊದಲರ್ಧದಲ್ಲಿ ಮಳೆ ಬಂತು. ವಾಪಸ್ ಬಂದು ಕತ್ತಲಲ್ಲಿ ಹಾಕಿಕೊಂಡರೆ ಒಂದು ಚೊಂಬು ನೀರು ಕತ್ತಿನಿಂದ ಬೆನ್ನಿಗಿಳಿಯಿತು. ನೆಲಮಂಗಲದವರೆಗೆ ಒಳಗಿನ ಸ್ಪಂಜು ಹಿಂಡಿಕೊಂಡೇ ಬಂದೆ. ಬೈಕನ್ನು ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲೋ ತುಮಕೂರು ಸ್ಟ್ಯಾಂಡಿನಲ್ಲೋ ಬಿಟ್ಟು ರೈಲು ಹತ್ತಿ.

ಪ್ರಶ್ನೆ: ಸಿದ್ಧಗಂಗೆಯ ಊರಿನಲ್ಲಿ ಕೂತು ಮನೆಮಂದಿ ಓದುವ ಪತ್ರಿಕೆಯಲ್ಲಿ ಪಬ್ಬಿನ ದಾರಿ ತೋರಿಸುವುದು ಸರಿಯೇ?
– ಹಿರಿಯ ಓದುಗರು, ಸೋಮೇಶ್ವರಪುರಂ

ಉತ್ತರ: ದಾರಿ ಅವರಿಗೆ ಮೊದಲೇ ಗೊತ್ತು ಸ್ವಾಮಿ. ಗೊತ್ತಿಲ್ಲದ್ದು ವಾಪಸ್ ಬರುವ ದಾರಿ, ನಾನು ತೋರಿಸಿದ್ದು ಅದನ್ನು. ನನಗೆ ಸಕ್ಕರೆ ಕಾಯಿಲೆ, ಮ್ಯಾಚಿನ ಮುಂಚೆ ಏರ್‌ಲೈನ್ಸ್ ಹೋಟೆಲಿನ ಮರದ ಕೆಳಗೆ ಒಂದು ಮಸಾಲೆ ದೋಸೆ, ಸಕ್ಕರೆ ಹಾಕದ ಕಾಫಿ. ಅದೂ ಕಂಠೀರವಕ್ಕೆ ನಡೆಯುವ ದಾರಿಯಲ್ಲೇ ಸಿಗುತ್ತದೆ. ಒಮ್ಮೆ ನೀವೂ ಬನ್ನಿ, ಬಿಲ್ಲು ನನ್ನದು.

ಪ್ರಶ್ನೆ: ಪಾವಗಡದಿಂದ ಹೋಗಿ ಮ್ಯಾಚ್ ನೋಡಿ ಅದೇ ರಾತ್ರಿ ವಾಪಸ್ ಬರಬಹುದೇ?
– ಓದುಗರು, ಪಾವಗಡ

ಉತ್ತರ: ಆಗದು. ತುಮಕೂರಿನಲ್ಲಿ ನೆಂಟರಿದ್ದಾರಾ? ಇದ್ದರೆ ಅವರಿಗೂ ಒಂದು ಟಿಕೆಟ್ ತೆಗೆಯಿರಿ. ಒಂದು ಗಂಟೆ ರಾತ್ರಿಯಲ್ಲಿ ಹೋಗಿ ಅವರ ಬಾಗಿಲು ತಟ್ಟುವುದಕ್ಕಿಂತ, ಬೀಗದ ಕೈ ಇರುವವರ ಜೊತೆಗೇ ಬಂದು ಮಲಗುವುದು ವಾಸಿ.