ಟಿವಿ ಜಾಹೀರಾತು ಇಲ್ಲದೆ ಗೆಲ್ಲೋಕೆ ಆಗುತ್ತಾ?
ಹೆಚ್ಚು ದುಡ್ಡಿಲ್ಲದೆ, ಮುಖ್ಯವಾಗಿ ಮನೆಮನೆ ಸುತ್ತಿ ಅಮೆರಿಕದಲ್ಲಿ ಚುನಾವಣೆ ಗೆಲ್ಲೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. 2018ರ ಜೂನ್ 26ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್–ಕ್ವೀನ್ಸ್ ಕ್ಷೇತ್ರದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ ನೋಡಿ. ಹತ್ತು ಸಲ ಸಂಸದರಾಗಿ ಗೆದ್ದಿದ್ದ ಜೋ ಕ್ರೌಲಿಯವರನ್ನು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೋ-ಕಾರ್ಟೆಜ್ ಸೋಲಿಸಿದರು. 2004ರ ನಂತರ ಕ್ರೌಲಿಗೆ ಪಕ್ಷದೊಳಗೆ ಎದುರಾಳಿಯೇ ಇರಲಿಲ್ಲ. ಬ್ರಾಂಕ್ಸ್‌ನಲ್ಲಿ ನಡೆದ ಚರ್ಚೆಗೂ ತಾವು ಹೋಗದೆ ಬೇರೆಯವರನ್ನು ಕಳಿಸಿದ್ದರು. ಈಕೆ ಮಾತ್ರ ಮಳೆಯಲ್ಲೂ ಬಾಗಿಲು ತಟ್ಟುತ್ತಾ, ಶೂ ತಳ ತೂತಾಗುವಷ್ಟು ನಡೆದರು. ಫಲಿತಾಂಶ ಬರುವವರೆಗೂ ದೊಡ್ಡ ಮಾಧ್ಯಮಗಳು ಇತ್ತ ಜಾಸ್ತಿ ತಿರುಗಿ ನೋಡಲಿಲ್ಲ, ನನಗೆ ಈಗಲೂ ಅದರ ಬೇಸರವಿದೆ.

ಆದರೆ ಪ್ರೈಮರಿಯಲ್ಲಿ ಮತ ಹಾಕುವವರೇ ಕಡಿಮೆ ಅಲ್ವಾ? ಕೆಲವು ಸಾವಿರ ಜನರನ್ನು ಮಾತಾಡಿಸಿದರೂ ಲೆಕ್ಕ ಬದಲಾಗುತ್ತದೆ. ಇಡೀ ರಾಜ್ಯದ ಚುನಾವಣೆಗೆ ಇದೊಂದೇ ದಾರಿ ಸಾಲದು.