ಡಬಲ್ ಗೇಮ್ ಆಡುವವರ ಕಥೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 'ಜಾನಿ ಗದ್ದಾರ್' ನೋಡೋಣ ಅಂತ ಕೂತಿದ್ದೆ. ಅಷ್ಟರಲ್ಲಿ ಗೆಳೆಯನೊಬ್ಬ ಮೋಸ ಮಾಡುವವನು ಯಾರು ಅಂತ ಹೇಳಿಬಿಟ್ಟ. ಇನ್ನು ನೋಡಿ ಏನು ಪ್ರಯೋಜನ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಖಂಡಿತ ನೋಡಿ. ಅದನ್ನು ನಿರ್ದೇಶಕ ಶ್ರೀರಾಮ್ ರಾಘವನ್ ಅವರೇ ನಮಗೆ ಬೇಗ ತೋರಿಸಿಬಿಡುತ್ತಾರೆ.

2007ರ ಈ ಸಿನಿಮಾದಲ್ಲಿ ಐದು ಜನ ಪಾಲುದಾರರು. ತಲಾ 50 ಲಕ್ಷ ಹಾಕಿ ಎರಡೂವರೆ ಕೋಟಿ ಕೂಡಿಸುತ್ತಾರೆ. ಆ ದುಡ್ಡು ಮುಂಬೈನಿಂದ ರೈಲಿನಲ್ಲಿ ನಮ್ಮ ಬೆಂಗಳೂರಿಗೆ ಬರಬೇಕು, ಒಬ್ಬ ಭ್ರಷ್ಟ ಪೊಲೀಸ್ ಅಧಿಕಾರಿಯ ಕೈಗೆ. ಐವರಲ್ಲಿ ವಿಕ್ರಮ್ ಎಲ್ಲರಿಗಿಂತ ಚಿಕ್ಕವನು. ಗೋವಾಕ್ಕೆ ಹೋಗ್ತೀನಿ ಅಂತ ಹೇಳಿ ಹೊರಟವನು ಅದೇ ರೈಲಿನಲ್ಲಿರುತ್ತಾನೆ. ದುಡ್ಡು ತರುತ್ತಿರುವ ಶಿವನ ಪ್ರಜ್ಞೆ ತಪ್ಪಿಸಿ ಬ್ಯಾಗು ಎತ್ತಿಕೊಂಡು ಹೋದರೆ ಆಯ್ತು ಅನ್ನೋದು ಅವನ ಲೆಕ್ಕ. ಆದರೆ ಶಿವನಿಗೆ ಅವನ ಗುರುತು ಸಿಕ್ಕಿಬಿಡುತ್ತದೆ. ಕಳ್ಳತನ ಅಂತ ಶುರುವಾದದ್ದು ಕೊಲೆಯಾಗುತ್ತದೆ.

ಅಲ್ಲಿಂದ ಮುಂದೆ ನಮ್ಮ ಕಣ್ಣೆಲ್ಲ ಉಳಿದ ಮೂವರ ಮೇಲೆ. ನಮಗೆ ಗೊತ್ತಿರುವುದು ಅವರಿಗೆ ಯಾವಾಗ ಗೊತ್ತಾಗುತ್ತದೋ ಅಂತ ಕಾಯುತ್ತಾ ಕೂರುತ್ತೇವೆ. ಗುಂಪಿನ ಹಿರಿಯ ಶೇಷಾದ್ರಿಯಾಗಿ ಧರ್ಮೇಂದ್ರ ಇದ್ದಾರೆ. ತೀರಿಹೋದ ಹೆಂಡತಿಯ ದನಿ ಇರುವ ಟೇಪು ಹಾಕಿಕೊಂಡು ಕೇಳುವ ಮನುಷ್ಯ. ಅವರಿಗೆ ವಿಕ್ರಮನ ಮೇಲೆ ಅಕ್ಕರೆ ಇದೆ. ಅದನ್ನು ನಾವು ನೋಡಿರುತ್ತೇವೆ. ಹಾಗಾಗಿ ಅವರಿಗೆ ಸತ್ಯ ತಿಳಿಯುವ ಹೊತ್ತಿಗೆ ನಮ್ಮ ಹೊಟ್ಟೆಯಲ್ಲೇ ಸಂಕಟ. ಮೊದಲು ನಂಬಿಕೆ ತೋರಿಸದೆ ಮೋಸ ತೋರಿಸಿದರೆ ಯಾರಿಗೆ ನೋವಾಗುತ್ತದೆ, ಹೇಳಿ?

ಹಾಸನದಲ್ಲಿ ನಾನು ವಿಡಿಯೋ ಕ್ಯಾಸೆಟ್ ಲೈಬ್ರರಿ ನಡೆಸುತ್ತಿದ್ದಾಗ ಇದನ್ನೇ ನೋಡಿದ್ದೆ. 'ಕೊಲೆಗಾರ ಯಾರು' ಅನ್ನೋ ಥರದ ಸಿನಿಮಾ ಜನ ಒಂದು ಸಲ ಒಯ್ಯುತ್ತಿದ್ದರು, ಮುಗೀತು. ಗೆಳೆಯನೇ ಗೆಳೆಯನಿಗೆ ಕೈಕೊಡುವ ಕಥೆಯನ್ನು ಮಾತ್ರ ಮತ್ತೆ ಮತ್ತೆ ಕೇಳಿಕೊಂಡು ಬರುತ್ತಿದ್ದರು. ಕೊನೆ ಗೊತ್ತಿದ್ದೂ.

ಪ್ರಶ್ನೆ: 'ಇನ್ಫರ್ನಲ್ ಅಫೇರ್ಸ್' ಮತ್ತು 'ದಿ ಡಿಪಾರ್ಟೆಡ್' ಎರಡೂ ಒಂದೇ ಕಥೆಯಂತೆ. ಯಾವುದನ್ನು ಮೊದಲು ನೋಡಲಿ?
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಹಾಂಗ್‌ಕಾಂಗ್‌ನದ್ದೇ ಮೊದಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

'ಇನ್ಫರ್ನಲ್ ಅಫೇರ್ಸ್' ಬಂದದ್ದು 2002ರಲ್ಲಿ. ನಿರ್ದೇಶಕರು ಆಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್. ಚಾನ್ ಎಂಬ ಪೊಲೀಸನೊಬ್ಬ ರೌಡಿಗಳ ಗುಂಪಿನಲ್ಲಿ ವರ್ಷಗಟ್ಟಲೆ ಅಡಗಿದ್ದಾನೆ. ಆ ರೌಡಿಗಳ ಕಡೆಯವನೊಬ್ಬ ಪೊಲೀಸ್ ಇಲಾಖೆಯಲ್ಲಿ ಬೆಳೆದು ಅಧಿಕಾರಿಯಾಗಿದ್ದಾನೆ; ಈ ಪಾತ್ರದ ಹೆಸರೂ ಲಾವ್. ಇಬ್ಬರಿಗೂ ಸಿಕ್ಕಿರುವ ಕೆಲಸ ಒಂದೇ: ಒಳಗಿರುವ ದ್ರೋಹಿಯನ್ನು ಹುಡುಕು. ಶುರುವಿನಲ್ಲೇ ಒಂದು ದೃಶ್ಯವಿದೆ. ಸ್ಟೀರಿಯೋ ಅಂಗಡಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಹಾಡು ಕೇಳುತ್ತಾರೆ. ಒಬ್ಬರಿಗೊಬ್ಬರು ಯಾರು ಅಂತ ಗೊತ್ತಿಲ್ಲ.

ನನ್ನನ್ನು ಅಲ್ಲಾಡಿಸಿದ್ದು ಒಂದು ಲಕೋಟೆ. ಗುಂಪಿನಲ್ಲಿರುವಾಗ ಪೊಲೀಸ್ ಚಾನ್ ಒಂದು ಲಕೋಟೆಯ ಮೇಲೆ ಒಂದು ಅಕ್ಷರ ಬರೆದುಕೊಟ್ಟಿರುತ್ತಾನೆ. ಎಷ್ಟೋ ಹೊತ್ತಿನ ಮೇಲೆ, ಎಲ್ಲಾ ಮುಗಿಯಿತು, ಇನ್ನು ನನ್ನ ಹೆಸರು ನನಗೆ ವಾಪಸ್ ಸಿಗುತ್ತದೆ ಅಂತ ಅಧಿಕಾರಿ ಲಾವ್‌ನ ಕೋಣೆಯಲ್ಲಿ ನಿಂತಿದ್ದಾನೆ. ಮೇಜಿನ ಮೇಲೆ ಅದೇ ಲಕೋಟೆ. ತನ್ನದೇ ಕೈಬರಹ. ಅಂದರೆ ರೌಡಿಗಳ ಕಡೆಯವನು ಈ ಲಾವ್‌ನೇ. ಕೂಗಾಟವಿಲ್ಲ, ಗುಂಡಿಲ್ಲ. ಚಾನ್ ಪಾತ್ರದ ಟೋನಿ ಲಿಯೂಂಗ್ ಅವರ ಮುಖ ಮಾತ್ರ. ಲಾವ್ ತಿರುಗಿ ಬರುವಷ್ಟರಲ್ಲಿ ಚಾನ್ ಜಾಗ ಖಾಲಿ ಮಾಡಿರುತ್ತಾನೆ. ಲಾವ್‌ಗೂ ಅರ್ಥವಾಗುತ್ತದೆ. ಕಂಪ್ಯೂಟರ್‌ನಲ್ಲಿದ್ದ ಚಾನ್‌ನ ದಾಖಲೆಯನ್ನು ಅಳಿಸಿಬಿಡುತ್ತಾನೆ. ಅಷ್ಟು ವರ್ಷ ಜೀವ ಒತ್ತೆಯಿಟ್ಟು ದುಡಿದವನು ಪೊಲೀಸ್ ಅನ್ನೋದಕ್ಕೆ ಸಾಕ್ಷಿಯೇ ಇಲ್ಲ. ಒಂದು ಬಟನ್ ಒತ್ತಿ ಮಾಡಿದ ದ್ರೋಹ ಅದು. ನನಗೆ ಇದಕ್ಕಿಂತ ಕ್ರೂರವಾದದ್ದು ನೆನಪಾಗುತ್ತಿಲ್ಲ.

2006ರ 'ದಿ ಡಿಪಾರ್ಟೆಡ್' ಈ ಕಥೆಯನ್ನು ಅಮೆರಿಕದ ಬಾಸ್ಟನ್‌ಗೆ ಒಯ್ದಿತು. ಲಕೋಟೆ ಅದರಲ್ಲೂ ಇದೆ. ಡಾನ್ ಪಾತ್ರಕ್ಕೆ ವೈಟಿ ಬಲ್ಜರ್ ಎಂಬ ನಿಜವಾದ ಬಾಸ್ಟನ್ ರೌಡಿಯ ನೆರಳಿದೆ. ಅವನು ಎಫ್‌ಬಿಐಗೆ ಮಾಹಿತಿ ಕೊಡುತ್ತಲೇ ತನ್ನ ದಂಧೆ ನಡೆಸಿದವನು. ಮಾರ್ಟಿನ್ ಸ್ಕಾರ್ಸೆಸೆ ಅವರಿಗೆ ನಿರ್ದೇಶನದ ಆಸ್ಕರ್ ಮೊದಲ ಬಾರಿ ಸಿಕ್ಕಿದ್ದು ಇದಕ್ಕೇ. ಒಳ್ಳೆಯ ಸಿನಿಮಾ, ಆದರೆ ಮಾತು ಜಾಸ್ತಿ, ರಕ್ತವೂ ಜಾಸ್ತಿ. ಮೂಲದ ಆ ಮೌನ ಇಲ್ಲಿಲ್ಲ.

ಇನ್ನೊಂದು ವಿಷಯ. ಚೀನಾದ ಮುಖ್ಯಭೂಮಿಗಾಗಿ 'ಇನ್ಫರ್ನಲ್ ಅಫೇರ್ಸ್'ಗೆ ಬೇರೆ ಕೊನೆ ಮಾಡಿದ್ದರು. ಅದರಲ್ಲಿ ಲಾವ್ ಬಂಧನವಾಗುತ್ತದೆ. ನೀವು ಮೂಲದ ಕೊನೆಯನ್ನೇ ಹುಡುಕಿ ನೋಡಿ. ಶಿಕ್ಷೆ ತಪ್ಪಿಸಿಕೊಂಡವನು ಅನುಭವಿಸುವ ನರಕವೇ ಆ ಸಿನಿಮಾದ ಜೀವ.

ಪ್ರಶ್ನೆ: ಕನ್ನಡದಲ್ಲಿ ಈ ಥರದ್ದು ಯಾವುದು?
(ಓದುಗರೊಬ್ಬರು, ಕುಂದಾಪುರ)

ಉತ್ತರ: 2021ರ 'ಗರುಡ ಗಮನ ವೃಷಭ ವಾಹನ'. ಮಂಗಳೂರಿನ ಮಂಗಳಾದೇವಿ ಸುತ್ತಮುತ್ತ ಒಟ್ಟಿಗೆ ಬೆಳೆದ ಹರಿ ಮತ್ತು ಶಿವ. ರಿಷಬ್ ಶೆಟ್ಟಿ ಹರಿ, ನಿರ್ದೇಶಕ ರಾಜ್ ಬಿ. ಶೆಟ್ಟಿ ಅವರೇ ಶಿವ. ಹೊರಗಿನ ಶತ್ರುಗಳಿಗೆ ಬಗ್ಗದ ಈ ಜೋಡಿ ಒಳಗಿನ ಅನುಮಾನಕ್ಕೆ ಒಡೆಯುತ್ತದೆ. 'ಸೋಜುಗಾದ ಸೂಜಿಮಲ್ಲಿಗೆ' ಹಾಡಿಗೆ ಶಿವ ಮಳೆಯಲ್ಲಿ ಹುಲಿಕುಣಿತದ ಹೆಜ್ಜೆ ಹಾಕುವ ದೃಶ್ಯವನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಎದುರಿಗೆ ಬಂದವರನ್ನೆಲ್ಲ ಕಡಿದು ಹಾಕುವ ಶಿವ, ಹರಿಯ ವಿಷಯಕ್ಕೆ ಬಂದರೆ ಮಗು. ಅದಕ್ಕೇ ಅವನ ಕೊನೆ ಅಷ್ಟು ಚುಚ್ಚುತ್ತದೆ.

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ದಾಟಿದೆ. ರಕ್ತ, ಮಚ್ಚು ನೋಡಿದರೆ ಎದ್ದು ಹೋಗುತ್ತಾರೆ. ಆದರೆ ಮೋಸದಾಟದ ಕಥೆ ಅಂದರೆ ಇಷ್ಟ. ಯಾವುದು ಹಾಕಲಿ?
(ಗೃಹಿಣಿ, ಧಾರವಾಡ)

ಉತ್ತರ: 1973ರ 'ದಿ ಸ್ಟಿಂಗ್' ಹಾಕಿ. ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫೋರ್ಡ್. 1936ರ ಶಿಕಾಗೋ. ತಮ್ಮ ಹಳೆಯ ಗೆಳೆಯನನ್ನು ಕೊಲ್ಲಿಸಿದ ದೊಡ್ಡ ಕುಳವೊಂದನ್ನು ಬೋಳಿಸಲು ಇಬ್ಬರು ಸೇರಿ ಕುದುರೆ ಜೂಜಿನ ನಕಲಿ ಅಡ್ಡೆಯನ್ನೇ ಕಟ್ಟುತ್ತಾರೆ. ಗಿರಾಕಿಗಳೂ ನಕಲಿ, ರೇಸಿನ ವಿವರಣೆ ಕೊಡುವವನೂ ನಕಲಿ. ಏಳು ಆಸ್ಕರ್ ಗೆದ್ದ ಸಿನಿಮಾ. ಒಂದೆರಡು ಸಾವು ಇವೆ, ಆದರೆ ಕಣ್ಣಿಗೆ ರಾಚುವಂತಿಲ್ಲ. ಸಬ್‌ಟೈಟಲ್ ಹಾಕಿ, ಮಧ್ಯೆ ಚಹಾಕ್ಕೆ ಬೇಕಿದ್ದರೆ ನಿಲ್ಲಿಸಿ. ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ಅಪ್ಪನನ್ನು ಯಾರೂ ಮಾತಾಡಿಸಬೇಡಿ.