ಔಷಧಿ ಹೊಡೆದ ಟೊಮೆಟೊ ಉಪ್ಪುನೀರಲ್ಲಿ ತೊಳೆದರೆ ಸಾಕಾ?

ಉಪ್ಪುನೀರು ಇಲ್ಲಿ ಕೆಲಸಕ್ಕೆ ಬರಲ್ಲ. ಮೂರು ದಿನದ ಹಿಂದೆ ನೀವು ಹೊಡೆದ ಇಮಿಡಾಕ್ಲೋಪ್ರಿಡ್ ಗಿಡದ ಒಳಕ್ಕೇ ಇಳಿಯುವ ಕೀಟನಾಶಕ. ತೊಳೆದರೆ ಸಿಪ್ಪೆ ಮೇಲಿನದ್ದು ಹೋಗಬಹುದು, ಒಳಗಿನದ್ದು ಹೋಗಲ್ಲ.

ಮೊದಲು ಡಬ್ಬಿಯ ಜೊತೆ ಮಡಚಿಟ್ಟಿರುವ ಚೀಟಿ ಬಿಡಿಸಿ. ಅಕ್ಷರ ತುಂಬಾ ಸಣ್ಣದು, ಬೆಳಕಲ್ಲಿ ಓದಿ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಬೆಳೆವಾರು ಇರುತ್ತದೆ. ಟೊಮೆಟೊ ಸಾಲನ್ನೇ ನೋಡಿ, ಬೇರೆ ಬೆಳೆಯದ್ದಲ್ಲ. ಅಷ್ಟರೊಳಗೆ ಹಣ್ಣಾದದ್ದನ್ನು ಕಿತ್ತು ಹೂತುಬಿಡಿ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಮಕ್ಕಳೂ ತಿನ್ನುತ್ತಾರೆ ಅಲ್ವಾ?

ಎಷ್ಟು ಬೆರೆಸಿದಿರಿ ಅಂತ ನೀವು ಬರೆದಿಲ್ಲ. ಅಳತೆ ಮೀರಿದ್ದರೆ ಚೀಟಿಯ ದಿನಲೆಕ್ಕ ನಂಬಬೇಡಿ, ಈ ಸುತ್ತಿನ ಹಣ್ಣು ಬಿಟ್ಟೇಬಿಡಿ.

ಅವಧಿ ಮುಗಿದ ಮೇಲೆ ಕಿತ್ತದ್ದನ್ನು ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ತೊಟ್ಟಿನ ಗುಳಿಯನ್ನು ಕತ್ತರಿಸಿ ತೆಗೆಯಿರಿ. ಸೋಪು ಬೇಡ.